ಕೊಬ್ಬರಿ ಸಾಹುಕಾರರ ಡ್ಯಾನ್ಸ್ ಕ್ಲಬ್ಬು

ಬೆಂಗಳೂರಿನ ದಂಡಿನಲ್ಲಿ ಹಿಂದೆ ಒಂದು ಡ್ಯಾನ್ಸ್ ಕ್ಲಬ್ಬಿತ್ತು, ಅದು ವೈಭವದ ಕಾಲ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ವೈಭವವಂತೆ! ಬಿಳಿ ಸೋಲ್ಜರುಗಳು ಕುದುರೆ ಕಟ್ಟುತ್ತಿದ್ದ ಲಾಯ ಅದು. ಅವರು ಹೋದ ಮೇಲೆ ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರರ ಮಗ ಅದನ್ನು ಹಿಡಿದು, ಗೋಡೆಗೆ ಕೆಂಪು ಬಣ್ಣ ಬಳಿಸಿ, ನೆಲಕ್ಕೆ ಹಲಗೆ ಹಾಸಿ, ಕ್ಲಬ್ಬು ಅಂದ. ಮಳೆ ಬಂದರೆ ಕುದುರೆ ವಾಸನೆ ಏಳುತ್ತಿತ್ತು. ಸೆಂಟು ಬಳಿದುಕೊಂಡು ಬಂದವರಿಗೆ ಅದೆಲ್ಲಿ ಗೊತ್ತಾಗಬೇಕು?

ಅಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಬೇಲೂರಿನ ದೇವಸ್ಥಾನದಲ್ಲಿ ಸಂಜೆಯ ಪೂಜೆಗೆ ನಾಗಸ್ವರ ನುಡಿಸುವುದು ನಮ್ಮ ಮನೆಯ ಸೇವೆ. ತಾತನ ನಂತರ ಅಪ್ಪ ನುಡಿಸುತ್ತಿದ್ದರು, ಅವರಿಗೆ ಉಬ್ಬಸ ಶುರುವಾಗಿತ್ತು. ನಮ್ಮ ಮನೆಯಲ್ಲಿ ಊದುವವರಿಲ್ಲದಿದ್ದರೆ ಸೇವೆ ದಾಯಾದಿಗಳ ಪಾಲು. ಅದು ಗೊತ್ತಿದ್ದೂ, ಮದುವೆ ಬ್ಯಾಂಡಿನಲ್ಲಿ ನನ್ನ ಕ್ಲಾರಿನೆಟ್ ಕೇಳಿದ್ದ ಸಾಹುಕಾರರ ಮಗ ಕರೆದದ್ದೇ ತಡ, ಹೊರಟು ನಿಂತೆ.

"ದೀಪಾವಳಿವರೆಗೆ ಹೇಗೋ ತಳ್ತೀನಿ ಕಣೋ. ಅಷ್ಟರೊಳಗೆ ಬಂದ್ಬಿಡು," ಅಂದರು ಅಪ್ಪ.

"ಬಂದೇ ಬರ್ತೀನಿ," ಅಂದೆ.

ಆ ಕ್ಲಬ್ಬಿನಲ್ಲಿ ಸಂಗೀತ ಯಾರಿಗೆ ಬೇಕಿತ್ತು? ಒಂದು ದಿನ ಬೇಕೆಂದೇ ತಪ್ಪುತಪ್ಪಾಗಿ ಊದಿದೆ. ಚಪ್ಪಾಳೆ ಬಿತ್ತು! ದೀಪಾವಳಿ ಬಂತು. "ಈ ಶನಿವಾರ ಒಂದು ಮುಗೀಲಿ," ಅಂದ ಸಾಹುಕಾರರ ಮಗ. ಮುಂದಿನ ಶನಿವಾರವೂ ಅದೇ ರಾಗ. ಅವನನ್ನು ಬೈದೇನು ಫಲ, ಕೋಟು ಬೂಟು ಹಾಕಿಕೊಂಡು ಬಣ್ಣದ ದೀಪದ ಕೆಳಗೆ ನಿಲ್ಲುವ ಚಪಲ ನನ್ನದೇ.

ಸಂಕ್ರಾಂತಿ ಕಳೆದ ಮೇಲೆ ಸಾಹುಕಾರರೇ ಬಂದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಛತ್ರಿ. ಕುಣಿಯುವವರ ಕಾಲು ಸಲೀಸಾಗಿ ಜಾರಲೆಂದು ಆಳು ಹಲಗೆಗೆ ಸೀಮೆಯ ಮೇಣ ತಿಕ್ಕುತ್ತಿದ್ದ.

"ಏನ್ಲಾ ಇದು? ನಮ್ಮ ಗಾಣದೆಣ್ಣೆ ಡಬ್ಬಗಟ್ಲೆ ಐತೆ, ಸೀಮೆ ಮೇಣ ಯಾಕ್ಲಾ?" ಎಂದು ಮಗನ ಮೇಲೆ ಹರಿಹಾಯ್ದರು.

ಅರಸೀಕೆರೆಯಿಂದ ರೈಲಿನಲ್ಲಿ ಎರಡು ಡಬ್ಬ ಕೊಬ್ಬರಿ ಎಣ್ಣೆ ಬಂತು. ಹೋಳಿಗೆಗೆ ತುಪ್ಪ ಬಡಿಸಿದಂತೆ ನೆಲಕ್ಕೆ ಸುರಿದರು. ಶನಿವಾರ ಮೊದಲನೇ ಹಾಡಿಗೇ ಜೋಡಿಜೋಡಿಯಾಗಿ ಉರುಳಿದರು. ಯಾರೋ ದೊಡ್ಡ ಅಧಿಕಾರಿಯ ಹೆಂಡತಿಯ ಸೊಂಟ ಮುರಿಯಿತು. ಸೋಮವಾರ ಬಾಗಿಲಿಗೆ ಬೀಗ. ಇದಿಷ್ಟೇ ಅದರ ಚರಿತ್ರೆ, ಆಮೇಲೆ ಅಲ್ಲಿ ಟೈರು ಮಾರತೊಡಗಿದರು.

ನಾನು ಅರಸೀಕೆರೆಯಲ್ಲಿಳಿದು, ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಬೇಲೂರು ಸೇರಿದಾಗ ಸಂಜೆಯಾಗಿತ್ತು. ದೇವಸ್ಥಾನದಿಂದ ನಾಗಸ್ವರ ಕೇಳಿಸಿತು. ಅಬ್ಬ, ಅಪ್ಪ ಇನ್ನೂ ಊದುತ್ತಿದ್ದಾರೆ! ಬೂಟು ಬಾಗಿಲಲ್ಲೇ ಕಳಚಿ ಒಳಗೆ ಓಡಿದೆ. ಊದುತ್ತಿದ್ದವನು ಚಿಕ್ಕಪ್ಪನ ಮಗ. ಅಪ್ಪ ಅವನ ಪಕ್ಕ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು.

ಮಂಗಳಾರತಿ ಮುಗಿಯುವವರೆಗೆ ನನ್ನತ್ತ ತಿರುಗಲಿಲ್ಲ. ಆಮೇಲೆ ಏದುಸಿರು ಬಿಡುತ್ತ, "ಚೆನ್ನಾಗಿ ನುಡಿಸ್ತಾನೆ ಕಣೋ. ನಿನಗಿಂತ," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶ್ರುತಿಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ನನಗೆ ಇದೂ ಆಗ್ತಿಲ್ಲ. ನಾಳೆಯಿಂದ ಅವನಿಗೆ ನೀನು ಒತ್ತು," ಎಂದರು.

ಇಪ್ಪತ್ತೇಳು ವರ್ಷ ಅವನು ಊದಿದ, ನಾನು ಒತ್ತಿದೆ.