ವರದಿಗೂ ಒಂದು ಬೀಗ

ಲಿಫ್ಟ್ ರಿಪೇರಿ ಮಾಡುವವರಲ್ಲಿ ಒಂದು ಕಟ್ಟಳೆ ಇದೆ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ ಆರಿಸಬೇಕು, ಅದಕ್ಕೆ ತನ್ನ ಸ್ವಂತ ಬೀಗ ಜಡಿಯಬೇಕು, ಕೀಲಿ ತನ್ನ ಜೇಬಿನಲ್ಲೇ ಇರಬೇಕು. ಇಬ್ಬರು ಇಳಿದರೆ ಎರಡು ಬೀಗ, ಐವರು ಇಳಿದರೆ ಐದು. ಹಾಕಿದವನೇ ತೆಗೆಯಬೇಕು. ಕಟ್ಟಡದ ಮಾಲೀಕನೇ ಬಂದು ಕೈಮುಗಿದರೂ ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ನಮ್ಮ ಮೇಸ್ತ್ರಿಯ ಬೀಗ ಹಿತ್ತಾಳೆಯದು, ಅಂಗೈ ಅಗಲದ್ದು, ಇಪ್ಪತ್ತೇಳು ವರ್ಷದಿಂದ ಅದೊಂದೇ. ಜೊತೆಯಲ್ಲಿ ಕೆಲಸ ಮಾಡುವವನು ಬೇರೆ ಯಾರೂ ಅಲ್ಲ, ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಒಂದು ಸಲ ಷಡ್ಡಕ ತಮಾಷೆಗೆಂದು ಆ ಬೀಗವನ್ನು ಎಳೆದು ನೋಡಿದ. ಮೇಸ್ತ್ರಿ ಊಟದ ಡಬ್ಬಿ ಬೀಸಿ ಒಗೆದ. ಷಡ್ಡಕ ಬಗ್ಗಿದ, ಡಬ್ಬಿ ಗೋಡೆಗೆ ಬಿತ್ತು. ಡಬ್ಬಿ ಈಗಲೂ ಸೊಟ್ಟಗಿದೆ. ಅದರ ಮುಚ್ಚಳ ಒತ್ತಿ ಕೂರಿಸುವಾಗಲೆಲ್ಲ ಷಡ್ಡಕನಿಗೆ ಒಂದು ಬೈಗುಳ ತಪ್ಪದೆ ಸಲ್ಲುತ್ತದೆ.

ಮೂಗಿನ ತುದಿಯಲ್ಲಿ ಕೋಪ ಇದ್ದರೂ ಮೇಸ್ತ್ರಿಯ ಕಿವಿ ಬಂಗಾರದಂಥದ್ದು. ಓದಿದ್ದು ನಾಲ್ಕನೇ ಕ್ಲಾಸು. ಹದಿನೈದನೇ ವಯಸ್ಸಿಗೆ ಗ್ರೀಸ್ ಬಳಿಯಲು ಸೇರಿದವನು, ಈಗ ಮೂರನೇ ಮಹಡಿಯಲ್ಲಿ ನಿಂತು ಮೇಲಿನ ಮೋಟಾರಿನ ಗೊಣಗಾಟ ಕೇಳಿ, ಎಡಗಡೆ ಬೇರಿಂಗ್ ಒಣಗಿದೆ ಎಂದು ಹೇಳಬಲ್ಲ. ಆದರೆ ಕೆಲಸ ಮುಗಿದ ಮೇಲೆ ವರದಿ ಬರೆಯಬೇಕಲ್ಲ, ಅಲ್ಲಿ ಅವನ ಆಟ ನಡೆಯುತ್ತಿರಲಿಲ್ಲ. ಒಂದು ಗಂಟೆ ಪೆನ್ನು ಹಿಡಿದು ಬೆವರಿದರೆ ಕೋಳಿ ಕೆದಕಿದಂಥ ಅಕ್ಷರದಲ್ಲಿ ‘ಎಲ್ಲಾ ಸರಿ’ ಎಂಬ ಎರಡು ಮಾತು ಬರುತ್ತಿತ್ತು. ಇಷ್ಟಕ್ಕೆ ನಾವು ಸಹಿ ಹಾಕಬೇಕಾ ಎಂದು ಕಟ್ಟಡದವರು ತಕರಾರು ತೆಗೆಯುತ್ತಿದ್ದರು. ಮೇಸ್ತ್ರಿ ಪೆನ್ನಿಗೆ ಬೈಯುತ್ತಿದ್ದ.

ಹೀಗಿರುವಾಗ ಆಫೀಸಿನ ಮ್ಯಾನೇಜರಮ್ಮ ಎಲ್ಲರ ಫೋನಿಗೂ ಹೊಸದೊಂದನ್ನು ಹಾಕಿಸಿದಳು. ಎಐ ಅಂತೆ. ಮಾಡಿದ ಕೆಲಸ ಬಾಯಲ್ಲಿ ಹೇಳಿದರೆ ಸಾಕು, ವರದಿ ಅದೇ ಬರೆದುಕೊಡುತ್ತದಂತೆ. ಫೋನನ್ನು ಗುಂಡಿಗೆ ಎಸೆಯುತ್ತೇನೆ ಎಂದು ಮೇಸ್ತ್ರಿ ಹಾರಾಡಿದ. ಎಸೆಯುವ ಮುಂಚೆ ಒಂದೇ ಒಂದು ಸಲ ನೋಡಿ ಎಂದಳು ಅವಳು.

ಆವತ್ತು ಏಳು ಮಹಡಿಯ ಕಟ್ಟಡವೊಂದರಲ್ಲಿ ಕೆಲಸ. ಐದನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಆರನೆಯದರಲ್ಲಿ ಮಕ್ಕಳ ಸಂಗೀತ ಶಾಲೆ. ಬಾಗಿಲು ಉಜ್ಜುತ್ತಿದ್ದುದನ್ನು ಸರಿ ಮಾಡಿದೆ, ಹಗ್ಗ ನೋಡಿದೆ, ನಾಲ್ಕನೇ ಮಹಡಿಯ ಬಟನ್ ಅಂಟಿಕೊಳ್ಳುತ್ತಿತ್ತು, ಬದಲಾಯಿಸಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು ಎಂದು ಮೇಸ್ತ್ರಿ ಫೋನಿಗೆ ಗದರಿಸಿ ಹೇಳಿದ. ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಒಂದು ಪುಟ ಬರೆಯಿತು. ಏನು ಭಾಷೆ, ಏನು ಠೀವಿ! ಮೇಸ್ತ್ರಿ ಮೊದಲ ನಾಲ್ಕು ಸಾಲು ಓದಿ, ಎದೆ ಉಬ್ಬಿ, ಹೆಬ್ಬೆರಳು ಒತ್ತಿ ಸಹಿ ಹಾಕಿ ಕಳಿಸಿಬಿಟ್ಟ. ಒಂದು ಪ್ರತಿ ಅಚ್ಚು ಹಾಕಿಸಿ, ಮಡಚದೆ, ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ.

ಮನೆಯಲ್ಲಿ ಹೆಂಡತಿ ಕೊರಳಿಗೆ ಟೇಪು ಹಾಕಿಕೊಂಡು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದಳು. ಬಟ್ಟೆಯನ್ನು ಎರಡು ಸಲ ಅಳೆದು ಒಂದೇ ಸಲ ಕತ್ತರಿಸುವ ಹೆಂಗಸು. ಮೇಸ್ತ್ರಿ ಅವಳೆದುರು ಮಣೆ ಹಾಕಿ ಕೂತು, ಪ್ರತಿ ಪದದ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಪಕ್ಕದ ಮನೆಯಲ್ಲೇ ಇರುವ ಷಡ್ಡಕನೂ ಟೀ ಲೋಟ ಹಿಡಿದು ಬಾಗಿಲಿಗೆ ಒರಗಿದ. ‘ಬ್ರೇಕನ್ನು ಪೂರ್ಣ ಭಾರದಲ್ಲಿ ಪರೀಕ್ಷಿಸಲಾಯಿತು, ಫಲಿತಾಂಶ ತೃಪ್ತಿಕರವಾಗಿದೆ’ ಎಂಬಲ್ಲಿಗೆ ಬರುವಾಗ ಹೊಲಿಗೆ ಯಂತ್ರ ನಿಂತಿತು.

“ಪೂರ್ಣ ಭಾರ ಅಂದ್ರೆ?” ಎಂದಳು.

“ಹದಿನಾಲ್ಕು ಮೂಟೆ ಮರಳು. ಒಳಗೆ ತುಂಬಿ ಬ್ರೇಕ್ ಹಿಡಿಯುತ್ತಾ ಅಂತ ನೋಡೋದು.”

“ಕರೆಂಟಿಲ್ಲ ಅಂತ ಮೂರೂವರೆಗೇ ಬಂದ್ರಲ್ಲ. ಮೂಟೆ ಯಾರು ಹೊತ್ರು?”

ಷಡ್ಡಕ ಟೀ ಲೋಟದೊಳಗೆ ಏನೋ ಹುಡುಕತೊಡಗಿದ. ಮೇಸ್ತ್ರಿ ಆ ಸಾಲನ್ನು ಇನ್ನೊಮ್ಮೆ ಓದಿದ. ಅವನು ಹೇಳಿರಲಿಲ್ಲ, ಮಾಡಿಯೂ ಇರಲಿಲ್ಲ. ಇಂಥ ವರದಿಯಲ್ಲಿ ಬ್ರೇಕಿನ ಸಾಲೊಂದು ಇರುತ್ತದೆಂದು ಅದು ತಾನೇ ತುಂಬಿಸಿತ್ತು. ಮೊದಲು ಫೋನಿನ ಮೇಲೆ ಸಿಟ್ಟು ಬಂತು. ಆಮೇಲೆ ಹೆಂಡತಿಯ ಮೇಲೆ, ಅದಾದ ಮೇಲೆ ಷಡ್ಡಕನ ಮೇಲೆ. ಬೈಯಲು ಇನ್ನು ಯಾರೂ ಉಳಿಯಲಿಲ್ಲ. ಆಗ ಕೆಳಗೆ ತನ್ನದೇ ಹೆಸರು, ತನ್ನದೇ ಹೆಬ್ಬೆರಳಿನ ಗುರುತು ಕಾಣಿಸಿತು. ಬೀಗ ಹಾಕದೆ ಗುಂಡಿಗೆ ಇಳಿದ ಹಾಗಾಯಿತು ಅವನಿಗೆ. ಆರನೇ ಮಹಡಿಯ ಮಕ್ಕಳು ಈಗ ಪಾಠ ಮುಗಿಸಿ ಇಳಿಯುವ ಹೊತ್ತು.

ಇನ್ನೂ ಬೆಳಕಿತ್ತು. ಇಬ್ಬರೂ ಸ್ಕೂಟರ್ ಹತ್ತಿ ಹೋದರು. ಕರೆಂಟ್ ಬಂದು ಲಿಫ್ಟ್ ಓಡಾಡುತ್ತಿತ್ತು. ಅದು ಖಾಲಿಯಾಗಿ ಕೆಳಗೆ ಬಂದದ್ದೇ ತಡ, ಮೇಸ್ತ್ರಿ ಸ್ವಿಚ್ ಆರಿಸಿ ಹಿತ್ತಾಳೆ ಬೀಗ ಜಡಿದ. ಹಲ್ಲಿನ ಡಾಕ್ಟರು ಐದು ಮಹಡಿ ಇಳಿಯುತ್ತ ಐದು ಥರ ಬೈದರು. ಜನ್ಮದಲ್ಲಿ ಮೊದಲ ಬಾರಿಗೆ ಮೇಸ್ತ್ರಿ ಬೈಸಿಕೊಂಡು ಕೈಮುಗಿದ. ಮರುದಿನ ಬೆಳಿಗ್ಗೆ ಎಂಟಕ್ಕೆ ಹದಿನಾಲ್ಕು ಮೂಟೆ ಹೊತ್ತು ತುಂಬಿದರು. ಬ್ರೇಕು ಕಚ್ಚಿ ಹಿಡಿಯಿತು, ಕೂದಲೆಳೆಯಷ್ಟೂ ಜಾರಲಿಲ್ಲ.

“ಸರಿ ಇದ್ಯಲ್ಲ ಭಾವ, ಬಿಡಿ,” ಎಂದ ಷಡ್ಡಕ ಬೆನ್ನು ಹಿಡಿದುಕೊಂಡು.

“ಬ್ರೇಕು ಸರಿ ಇತ್ತು ಕಣೋ. ನಾನು ಸರಿ ಇರ್ಲಿಲ್ಲ.”

ಮೇಸ್ತ್ರಿ ಬೆವರು ಒರೆಸಿಕೊಳ್ಳದೆ ಆಫೀಸಿಗೆ ನುಗ್ಗಿದ. ಬೀಗವನ್ನು ಮ್ಯಾನೇಜರಮ್ಮನ ಮೇಜಿನ ಮೇಲೆ ಧಡ್ಡೆಂದು ಇಟ್ಟು, ನಡೆದದ್ದನ್ನೆಲ್ಲ ಹೇಳಿದ. ಪೂರ್ತಿ ಓದದೆ ಸಹಿ ಹಾಕಿದ್ದನ್ನೂ ನುಂಗಲಿಲ್ಲ. ಅವಳು ಒಳ್ಳೆಯವಳು, ಅಡ್ಡಗೋಡೆ ಮೇಲೆ ದೀಪ ಇಡುವ ಮಾತಾಡಲಿಲ್ಲ. ಯಾರು ಓದುತ್ತಾರೆಂದು ಗೊತ್ತು ಮಾಡದೆ ಕೊಟ್ಟದ್ದು ತನ್ನ ತಪ್ಪು ಎಂದಳು. ಆ ತಿಂಗಳು ಎಲ್ಲರ ಫೋನುಗಳೂ ಬರೆದಿದ್ದ ನಲವತ್ತು ವರದಿಗಳನ್ನೂ ತೆಗೆಸಿ, ಕೆಲಸ ಮಾಡಿದವರನ್ನೇ ಎದುರಿಗೆ ಕೂರಿಸಿ, ಸಾಲು ಸಾಲಾಗಿ ಓದಿ ಕೇಳಿದರು. ಹನ್ನೊಂದರಲ್ಲಿ ಮಾಡದ ಕೆಲಸ ಇಣುಕಿತ್ತು. ಆ ಹನ್ನೊಂದು ಲಿಫ್ಟುಗಳನ್ನು ಮತ್ತೆ ನೋಡಿದರು. ಒಂದು ಕಡೆ ನಿಜವಾಗಿಯೂ ಹಗ್ಗ ಸವೆದಿತ್ತು, ಅದೇ ದಿನ ಬದಲಾಯಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಕಟ್ಟಡದವರಿಗೆಲ್ಲ ಮ್ಯಾನೇಜರಮ್ಮ ತಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು.

ಕೊನೆಗೆ, “ಇದನ್ನ ನಿಲ್ಲಿಸಿಬಿಡೋಣ್ವಾ ಮೇಸ್ತ್ರಿ?” ಎಂದು ಕೇಳಿದಳು.

“ಲಿಫ್ಟ್ ಒಂದ್ಸಲ ಕೈಕೊಡ್ತು ಅಂತ ಜನ ಏಳು ಮಹಡಿ ಹತ್ಕೊಂಡು ಹೋಗ್ತಾರಾ? ಅದಕ್ಕೊಂದು ಬ್ರೇಕ್ ಹಾಕ್ಸಿ, ಬೀಗ ಹಾಕ್ಸಿ. ನಂಗೆ ಮತ್ತೆ ಪೆನ್ನು ಕೊಟ್ರೆ ಮಾತ್ರ ನಾನು ಕೆಲ್ಸ ಬಿಟ್ಟು ಹೋಗ್ತೀನಿ.”

ಹಾಗೆ ವರದಿಗೂ ಬೀಗ ಬಂತು. ಬರೆದದ್ದನ್ನು ಈಗ ಫೋನು ಗಟ್ಟಿಯಾಗಿ ಓದುತ್ತದೆ. ಕೆಲಸ ಮಾಡಿದವನು ಸಾಲು ಸಾಲಿಗೂ ‘ಮಾಡಿದೆ’ ಅಥವಾ ‘ಮಾಡಿಲ್ಲ’ ಅನ್ನಬೇಕು, ಅನ್ನುವ ತನಕ ವರದಿ ಫೋನು ಬಿಟ್ಟು ಕದಲುವುದಿಲ್ಲ. ಆ ಬೀಗವನ್ನು ಮ್ಯಾನೇಜರಮ್ಮನೂ ತೆಗೆಯುವ ಹಾಗಿಲ್ಲ. ಹೇಳದೆ ಬಿಟ್ಟದ್ದನ್ನು ಅದು ತಾನಾಗಿ ತುಂಬಬಾರದು, ಕೇಳಬೇಕು. ಬಾಡಿಗೆದಾರರ ಹೆಸರು, ಫೋನ್ ನಂಬರು ಅದರ ಕಿವಿಗೆ ಬೀಳಬಾರದು. ಬ್ರೇಕು, ಹಗ್ಗದ ಮಾತು ಬಂದರೆ ಇನ್ನೊಬ್ಬ ಮೆಕ್ಯಾನಿಕ್ಕೂ ತನ್ನ ಬೀಗ ಹಾಕಬೇಕು, ಅವನೂ ಹೆಬ್ಬೆರಳು ಒತ್ತಿದ ಮೇಲೇ ವರದಿ ಹೋಗುತ್ತದೆ. ಇಷ್ಟನ್ನೂ ಮ್ಯಾನೇಜರಮ್ಮ ದಪ್ಪ ಅಕ್ಷರದಲ್ಲಿ ಬರೆದು ಆಫೀಸಿನ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿದಳು.

ಮಾಡಿಟ್ಟ ಬ್ರೇಕನ್ನು ಮರೆತು ಕೂರುವ ಜಾತಿಯಲ್ಲ ಮೇಸ್ತ್ರಿ. ಆಗಾಗ ಮೂಟೆ ತುಂಬಿ ಲಿಫ್ಟ್ ಪರೀಕ್ಷಿಸುವ ಹಾಗೆ ಇದನ್ನೂ ಪರೀಕ್ಷಿಸಬೇಕು ಎಂದ. ಅದಕ್ಕೇ ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಈಗ ಒಂದು ಆಟ ನಡೆಯುತ್ತದೆ. ಒಬ್ಬೊಬ್ಬರೂ ಫೋನಿಗೆ ಅರ್ಧಂಬರ್ಧ ಕತೆ ಹೇಳಿ ಅದನ್ನು ಎಡವಿಸಲು ನೋಡುತ್ತಾರೆ. ಎಡವಿಸಿದವನಿಗೆ ಉಳಿದವರು ಟೀ ಕುಡಿಸಬೇಕು, ಎಡವಿದ್ದನ್ನು ಮ್ಯಾನೇಜರಮ್ಮ ಬರೆದು, ಆ ಎಐ ಮಾಡಿದವರಿಗೆ ಸರಿಪಡಿಸಲು ಕಳಿಸಬೇಕು. ಷಡ್ಡಕ ಒಮ್ಮೆ ಎಂಟನೇ ಮಹಡಿಯೇ ಇಲ್ಲದ ಕಟ್ಟಡದಲ್ಲಿ ಎಂಟನೇ ಬಾಗಿಲು ರಿಪೇರಿ ಮಾಡಿದೆ ಅಂದ. ಅದು ನಂಬಿ, ಬಾಗಿಲನ್ನು ಹೊಗಳಿ ಬರೆಯಿತು. ಆವತ್ತು ಷಡ್ಡಕ ಕುಡಿದದ್ದು ನಾಲ್ಕು ಲೋಟ.

ಹೋದ ವಾರ ಏಳು ಮಹಡಿಯ ಆ ಕಟ್ಟಡಕ್ಕೇ ಮತ್ತೆ ಸರದಿ ಬಂತು. ಇಬ್ಬರೂ ಮೂಟೆ ಹೊತ್ತು, ಬ್ರೇಕ್ ನೋಡಿ, ಮತ್ತೆ ಬೀಗ ಜಡಿದು, ಸುಸ್ತಾಗಿ ಮೆಟ್ಟಿಲ ಮೇಲೆ ಕೂತರು. ಮೇಸ್ತ್ರಿ ಫೋನಿಗೆ ಕೆಲಸ ಒಪ್ಪಿಸಿದ. ಬಾಗಿಲು, ಹಗ್ಗ, ಬಟನ್ ಎಲ್ಲ ಹೇಳಿ, ಬ್ರೇಕಿನ ಮಾತು ಮರೆತ. ಫೋನು ಕೇಳಿತು: “ಬ್ರೇಕಿನ ಬಗ್ಗೆ ನೀವೇನೂ ಹೇಳಲಿಲ್ಲ. ಪರೀಕ್ಷೆ ಮಾಡಿದಿರಾ?”

ಮೇಸ್ತ್ರಿ ಫೋನನ್ನೇ ದುರುಗುಟ್ಟಿ ನೋಡಿದ. “ಮಾಡ್ದೆ ಕಣಯ್ಯ. ಬೆನ್ನು ಮುರ್ಕೊಂಡು ಹದಿನಾಲ್ಕು ಮೂಟೆ ಹೊತ್ತು ಮಾಡ್ದೆ, ಬರ್ಕೋ.”

“ಮುಗೀತು ಭಾವ,” ಎಂದ ಷಡ್ಡಕ, ಸೊಟ್ಟ ಡಬ್ಬಿಯ ಮುಚ್ಚಳ ಬಿಚ್ಚುತ್ತ. “ಮನೇಲಿ ಕೇಳೋಕೆ ಅತ್ತಿಗೆ ಒಬ್ರೇ ಸಾಲ್ದು ಅಂತ ಜೇಬಲ್ಲೂ ಒಬ್ರನ್ನ ಇಟ್ಕೊಂಡ್ರಿ.”

ಡಬ್ಬಿ ಷಡ್ಡಕನ ಕೈಯಲ್ಲಿತ್ತು, ಎಸೆಯಲು ಮೇಸ್ತ್ರಿಗೆ ಏನೂ ಸಿಗಲಿಲ್ಲ. ನಗು ಬಂತು. ಫೋನು ಓದಿದ ಸಾಲಿಗೆಲ್ಲ ‘ಮಾಡಿದೆ, ಮಾಡಿದೆ’ ಎನ್ನುತ್ತ, ಕೊನೆಯ ಸಾಲಿನ ತನಕ ಕೇಳಿ, ಹೆಬ್ಬೆರಳು ಒತ್ತಿದ. ಷಡ್ಡಕನೂ ತನ್ನದನ್ನು ಒತ್ತಿದ. ಆಮೇಲೆ ಮೇಸ್ತ್ರಿ ಎದ್ದು ಹೋಗಿ ಹಿತ್ತಾಳೆ ಬೀಗ ತೆಗೆದು ಸ್ವಿಚ್ ಹಾಕಿದ. ಲಿಫ್ಟು ಆರನೇ ಮಹಡಿಗೆ, ಮಕ್ಕಳನ್ನು ಕರೆತರಲು, ಸದ್ದಿಲ್ಲದೆ ಏರಿತು.