ಬಾವು ಇಳಿಯುತ್ತದೆ ಎಂದವರು ಯಾರು

ಆ ಬೆಳಿಗ್ಗೆ ನಡೆದದ್ದನ್ನು ಹೇಳ ಹೊರಟರೆ ಎಷ್ಟು ನಿಜ, ಎಷ್ಟು ನಾನೇ ಆಮೇಲೆ ಕಟ್ಟಿಕೊಂಡದ್ದು ಎಂಬುದು ನನಗೆ ಖಚಿತವಿಲ್ಲ. ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿದ್ದೆ, ಕಾಪುವಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು, ಮಾತಿನ ನಡುವೆ ನೆಟ್‌ವರ್ಕ್ ಹೋಯಿತು. ಕಿಟಕಿ ಬದಿ ಕುಳಿತಿದ್ದ ನೆನಪಿದೆ. ಆದರೆ ಆ ಬಸ್ಸಿನಲ್ಲಿ ನನಗೆ ಕಿಟಕಿ ಬದಿ ಸಿಗುವುದೇ ಅಪರೂಪ, ಹಾಗಾಗಿ ಅದನ್ನೂ ನಂಬುವಂತಿಲ್ಲ.

ಹಿಂದಿನ ದಿನ ಚಿಕ್ಕಪ್ಪನ ಪಾದಕ್ಕೆ ತೊರಕೆ ಮೀನು ಹೊಡೆದಿತ್ತು. ತೊರಕೆಯ ಬಾಲದಲ್ಲಿ ಗರಗಸದಂಥ ವಿಷದ ಮುಳ್ಳಿರುತ್ತದೆ. ಬಲೆಯಿಂದ ಬಿಡಿಸಿದ ಕೂಡಲೇ ಬಾಲ ಕಡಿದು ಎಸೆಯುವುದು ದೋಣಿಯವರ ಕ್ರಮ. ಜೀವಮಾನವಿಡೀ ಹಾಗೆ ಕಡಿದ ಚಿಕ್ಕಪ್ಪ, ಅಂದು ಸತ್ತಿದೆ ಎಂದುಕೊಂಡು ಕಾಲಿನಿಂದ ಪಕ್ಕಕ್ಕೆ ಸರಿಸಿದರಂತೆ. ತಾಳುವಷ್ಟು ಬಿಸಿ ನೀರಿನಲ್ಲಿ ಚಿಕ್ಕಮ್ಮ ಅವರ ಪಾದ ಇಳಿಸಿ ಕೂರಿಸಿದ್ದರು. ನೋವು ಕಡಿಮೆಯಾಯಿತು. ಬೆಳಗಾಗುವಾಗ ಮಾತ್ರ ಪಾದ ಕೆಂಪಾಗಿ ಬಾತುಕೊಂಡಿತ್ತು. ಆಸ್ಪತ್ರೆಗೆ ಹೋಗಬೇಕೇ ಎಂದು ಅವರು ನನ್ನನ್ನು ಕೇಳಿದರು. ಮನೆಯವರಿಗೆ ಮಣಿಪಾಲದಲ್ಲಿ ಓದುವವನೆಂದರೆ ಅರ್ಧ ಡಾಕ್ಟರ್.

ನಾನು ಡಾಕ್ಟರನಲ್ಲ. ನನ್ನ ಸಂಶೋಧನೆ ಎಟಿಪಿ ಎಂಬ ಅಣುವಿನ ಬಗ್ಗೆ. ಜೀವಕೋಶದೊಳಗೆ ಅದು ಇಂಧನ. ಕೋಶ ಒಡೆದು ಹೊರಗೆ ಚೆಲ್ಲಿದರೆ ಅದೇ ಅಪಾಯದ ಸಂಕೇತ. ರೋಗದ ವಿರುದ್ಧ ಹೋರಾಡುವ ಕೋಶಗಳು ಅದನ್ನು ಗುರುತಿಸಿ ಬಂದು ಸೇರುತ್ತವೆ, ಬಾವು ಏಳುತ್ತದೆ. ಪ್ರಯೋಗಾಲಯದಲ್ಲಿ ಎಟಿಪಿಗೆ ಮಿಂಚುಹುಳದ ಕಿಣ್ವ ಬೆರೆಸಿ, ಹೊಮ್ಮುವ ಬೆಳಕನ್ನು ಅಳೆಯುತ್ತಿದ್ದೆ. ಬೆಳಕು ಏರಿದರೆ ನನಗೆ ಖುಷಿ, ದೇಹ ತನ್ನ ಕೆಲಸ ಮಾಡುತ್ತಿದೆ ಎಂದು.

ಆ ಖುಷಿಯಿಂದಲೇ ಈಗ ನನ್ನ ಮೇಲೆ ನನಗೆ ಅನುಮಾನ. ಬಾವು ಬರಬೇಕಾದದ್ದೇ, ಕಾಯಿರಿ ಎಂದು ಹೇಳುವವನು ನಮ್ಮ ಕುಟುಂಬದಲ್ಲಿ ಯಾರಾದರೂ ಇದ್ದರೆ ಅದು ನಾನೇ. ಫೋನಿನಲ್ಲಿ ಏನು ಹೇಳಿದೆನೋ ನೆನಪಿಲ್ಲ, ಅವರು ಕಾದದ್ದಂತೂ ನಿಜ. ಉಡುಪಿಯ ಆಸ್ಪತ್ರೆಗೆ ಸೇರಿಸುವಾಗ ಜ್ವರ ಏರಿತ್ತು, ಎರಡು ಬೆರಳು ಕಪ್ಪಾಗಿದ್ದವು. ಮುಳ್ಳಿನ ತುಂಡೊಂದು ಒಳಗೇ ಉಳಿದಿತ್ತು. ಅದನ್ನು ತೆಗೆದರು, ಬೆರಳುಗಳನ್ನೂ ತೆಗೆದರು. ಚೆಲ್ಲಿದ ಎಟಿಪಿಯನ್ನು ದೇಹದ ಕಿಣ್ವಗಳು ಬೇಗ ಒಡೆದುಹಾಕುತ್ತವೆ. ಬಾವು ಇಳಿಯದೆ ಏರುತ್ತಿದ್ದರೆ, ಒಳಗೆ ಇನ್ನೂ ಕೋಶಗಳು ಒಡೆಯುತ್ತಿವೆಯೇ ಎಂದು ಅನುಮಾನಿಸಬೇಕು. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದುಬಿಡುತ್ತಿದ್ದೆ.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಇದನ್ನೆಲ್ಲ ಚಿಕ್ಕಮ್ಮನಿಗೆ ವಿವರಿಸಲು ಹೋದೆ. ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗಲೇ ಸ್ವಲ್ಪ ಬದಲಾಗಿರಬಹುದು.

"ಗೋಡೆ ಒಡೆದು ಮನೆಯ ಅಕ್ಕಿ ದಾರಿಗೆ ಚೆಲ್ಲಿದರೆ ಊರಿಗೆಲ್ಲ ಗೊತ್ತಾಗ್ತದೆ, ಅಲ್ವಾ? ಇದಕ್ಕೆ ಇಷ್ಟು ವರ್ಷ ಓದ್ಲಿಕ್ಕೆ ಉಂಟಾ ಮಾರಾಯ?" ಎಂದರು.

ನಗು ಬರಲಿಲ್ಲ. "ಕಾಯಿರಿ ಅಂತ ನಾನು ಹೇಳಿದ್ನಾ ಚಿಕ್ಕಮ್ಮ?"

"ನೀನಾ? ನೀನು ಆಸ್ಪತ್ರೆಗೆ ಹೋಗಿ ಅಂತಲೇ ಹೇಳಿದ್ದು. ಇವರದ್ದೇ ಹಠ."

ಒಳಗೆ ಹೋಗಿ ಚಿಕ್ಕಪ್ಪನನ್ನೂ ಕೇಳಿದೆ. ಅವರು ಊಟ ಆಯಿತಾ ಎಂದು ವಿಚಾರಿಸಿದರು. ಈಗ ಅವರು ದೋಣಿ ಹತ್ತುವುದಿಲ್ಲ. ಅಲೆಗೆ ದೋಣಿ ವಾಲುವಾಗ ಆ ಕಾಲು ನಿಲ್ಲುವುದಿಲ್ಲ. ದಡದಲ್ಲಿ ಕುಳಿತು ಬೇರೆಯವರ ಬಲೆ ಹೆಣೆಯುತ್ತಾರೆ.

ಚಿಕ್ಕಮ್ಮನ ಮಾತನ್ನು ನಂಬಿದ ದಿನಗಳಲ್ಲಿ, ಆಸ್ಪತ್ರೆಗೆ ಹೋಗಿ ಎಂದ ನನ್ನದೇ ಸ್ವರ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸ್ಪಷ್ಟವಾಗಿದ್ದದ್ದರಿಂದಲೇ ಅನುಮಾನ.

ಕಳೆದ ತಿಂಗಳು ಚಿಕ್ಕಮ್ಮ ಹೊಸ ಫೋನ್ ತೆಗೆದುಕೊಂಡರು. ಹಳೆಯದರಲ್ಲಿದ್ದ ಫೋಟೋಗಳನ್ನು ಹಾಕಿಕೊಡಲು ಕಾಪುವಿಗೆ ಹೋದವನು, ಅವರು ಒಳಗೆ ಚಹಾ ಮಾಡುತ್ತಿದ್ದಾಗ ಆ ದಿನದ ಸಂದೇಶಗಳನ್ನು ಹುಡುಕಿದೆ. ಕರೆ ಕಡಿದ ಮೇಲೆ ನಾನು ಕಳಿಸಿದ ಧ್ವನಿ ಸಂದೇಶವೊಂದಿತ್ತು. ಹಿಂದೆ ಬಸ್ಸಿನ ಹಾರನ್. "ಬಾವು ಬರ್ಲಿಕ್ಕೇ ಬೇಕು ಚಿಕ್ಕಮ್ಮ, ಇಳಿಯುತ್ತದೆ. ಎರಡು ದಿನ ನೋಡುವ." ಸ್ವರ ನನ್ನದೇ.