ಮಳೆಯಲ್ಲಿ ನೀರು ಹೊತ್ತವಳು

ಆಗ ನನಗೆ ಐವತ್ತೇಳು ವರ್ಷ. ಈ ಮಾತಿಗೆ ಎಂಟು ವರ್ಷ ಆಯಿತು. ಕಳಸದಿಂದ ಮೇಲೆ, ಗುಡ್ಡದ ಬುಡದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಆಯಾ ಆಗಿದ್ದೆ. ಹೆಂಗಸರು ತೋಟದ ಕೆಲಸಕ್ಕೆ ಹೋದಾಗ ಅವರ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಎಸ್ಟೇಟಿನವರು ಒಂದು ಮನೆ ಇಟ್ಟಿರುತ್ತಾರೆ. ಕಾಗದದಲ್ಲಿ ಅದಕ್ಕೆ ಕ್ರೆಶ್ ಎಂದು ಹೆಸರು, ನಮ್ಮ ಬಾಯಲ್ಲಿ ಮಕ್ಕಳ ಮನೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಹಾಲು ಕಾಯಿಸುವುದು, ಗಂಜಿ ಕುಡಿಸುವುದು, ಮೂಗು ಒರೆಸುವುದು, ಮಲಗಿಸುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆದೂ ಬರೆದೂ ಅಕ್ಷರ ಕೈಗೆ ಹತ್ತಿತು. ಅಷ್ಟು ವರ್ಷದಲ್ಲಿ ಬರೆದಿಡಬೇಕು ಎನಿಸಿದ್ದು ಇದೊಂದೇ. ಲಕ್ಕಮ್ಮ ಎಂಬ ಹೆಂಗಸಿನ ವಿಷಯ.

ನಮ್ಮ ಎಸ್ಟೇಟಿಗೆ ನೀರು ಬರುತ್ತಿದ್ದದ್ದು ಗುಡ್ಡದ ಮೇಲಿಂದ ಧುಮುಕುವ ಅಬ್ಬಿಯಿಂದ. ಅಲ್ಲಿಂದ ಕಪ್ಪು ಪೈಪು, ಪೈಪಿನಿಂದ ಸಿಮೆಂಟ್ ಟ್ಯಾಂಕು, ಟ್ಯಾಂಕಿನಿಂದ ಲೈನು ಮನೆಗಳಿಗೆ. ಲೈನು ಎಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳು. ಬೇಸಿಗೆಯಲ್ಲಿ ಪೈಪು ಸಣ್ಣಗಾಗುತ್ತದೆ, ಆಗ ಎಲ್ಲರೂ ಕೊಡ, ಡ್ರಮ್ಮು ತುಂಬಿಡುತ್ತಾರೆ. ಮಳೆ ಹಿಡಿದ ಕೂಡಲೇ ಎಲ್ಲವನ್ನೂ ಕವುಚಿ ಹಾಕುತ್ತಾರೆ. ನಲ್ಲಿಯನ್ನು ಯಾರೂ ನಿಲ್ಲಿಸುವುದೂ ಇಲ್ಲ, ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ. ಮಕ್ಕಳ ಮನೆಗೆಂದು ಕೊಟ್ಟ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ನಾನು ಮಳೆಗಾಲ ಪೂರ್ತಿ ಒಣ ಸೌದೆ ತುಂಬಿಡುತ್ತಿದ್ದೆ. ಬೇರೆ ಕಡೆ ಇಟ್ಟರೆ ಸೌದೆಗೆ ಬೂಸಲು ಹಿಡಿಯುತ್ತದೆ. ನೀರಿಗೇನು ಬರ ಎಂದುಕೊಂಡಿದ್ದೆ.

ಲಕ್ಕಮ್ಮ ಕಡೂರು ಕಡೆಯ ಬಯಲುಸೀಮೆಯವಳು. ಗಂಡ ತಿಮ್ಮಣ್ಣ, ಇಬ್ಬರು ಹೆಣ್ಣುಮಕ್ಕಳು. ಮೇಲಿನ ಲೈನಿನಲ್ಲಿ ಕೊನೆಯ ಮನೆ ಅವರದು. ಬಂದು ಎರಡು ವರ್ಷ ಆಗಿತ್ತು. ಅವಳ ಮನೆಯಲ್ಲಿ ಇಪ್ಪತ್ತು ಲೀಟರಿನ ಮೂರು ಬಿಳಿ ಕ್ಯಾನುಗಳಿದ್ದವು. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ ಇಟ್ಟಿದ್ದಳು. ಕಾಯಿಸಿ ಆರಿಸಿದ ನೀರು. ಮುಚ್ಚಳದ ಕೆಳಗೆ ಒಗೆದ ಬಟ್ಟೆ. ತೆಗೆಯುವುದಕ್ಕೆ ಉದ್ದ ಹಿಡಿಯ ಸೌಟು, ಅದನ್ನು ಬೇರೆ ಯಾವುದಕ್ಕೂ ಮುಟ್ಟಿಸುತ್ತಿರಲಿಲ್ಲ. ನೀರು ತುಂಬಿದ ದಿನದಿಂದ ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೀಟು. ಎಂಟು ಗೀಟಾದ ಮೇಲೆ ಆ ನೀರನ್ನು ಪಾತ್ರೆ ತೊಳೆಯಲು ಹಾಕಿ, ಕ್ಯಾನನ್ನು ಸೋಪು ಹಾಕಿ ಉಜ್ಜಿ, ಮತ್ತೆ ಹೊಸದು. ತಲೆಗೆ ದಿನಕ್ಕೆ ನಾಲ್ಕು ಲೀಟರು, ನಾಲ್ಕು ತಲೆಗೆ ಮೂರು ದಿನ, ಮೇಲೆ ಸ್ವಲ್ಪ ಹೆಚ್ಚುಕಮ್ಮಿಗೆ. ಇದು ಅವಳ ಲೆಕ್ಕ. ಬೇಸಿಗೆಯಾದರೂ ಅಷ್ಟೇ, ಆಷಾಢವಾದರೂ ಅಷ್ಟೇ.

ಲೈನಿನಲ್ಲಿ ಎಲ್ಲರಿಗೂ ಇದೊಂದು ತಮಾಷೆ. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನು. ಹೊರಗೆ ಸೂರಿನಿಂದ ನೀರು ಧೋ ಎಂದು ಬೀಳುತ್ತಿರುವಾಗ ಅವಳು ಒಳಗೆ ಕ್ಯಾನು ತುಂಬುವುದನ್ನು ನೋಡಿ ಒಂದು ದಿನ ಹೇಳಿಯೇ ಬಿಟ್ಟೆ. "ಎಂಥದ್ದೇ ಮಾರಾಯ್ತಿ, ನಿಮ್ಮೂರಲ್ಲಿ ನೀರೇ ನೋಡಿಲ್ವಾ ನೀನು?"

ಅವಳು ತಲೆ ಎತ್ತಲೂ ಇಲ್ಲ. "ನೋಡಿವ್ನಿ ಆಯಮ್ಮ. ಇಲ್ಲದ್ದೂ ನೋಡಿವ್ನಿ. ನೀವು ಇರೋದು ಮಾತ್ರ ನೋಡಿದೀರಿ" ಎಂದಳು.

ಅಧಿಕಪ್ರಸಂಗಿ ಎಂದುಕೊಂಡು ಬಂದೆ.

ಆ ವರ್ಷದ ಮಳೆ ಒಂಬತ್ತು ದಿನ ಬಿಡಲಿಲ್ಲ. ಮೂರನೇ ದಿನ ಕರೆಂಟು ಹೋಯಿತು, ಐದನೇ ದಿನ ಫೋನು. ಒಂಬತ್ತನೇ ದಿನ ಬೆಳಿಗ್ಗೆ, ನಾನು ಮಕ್ಕಳ ಮನೆಯ ಬಾಗಿಲು ತೆಗೆದು ಅರ್ಧ ಗಂಟೆ ಆಗಿರಬೇಕು, ಗುಡ್ಡದ ಕಡೆಯಿಂದ ಲಾರಿಯಲ್ಲಿ ಜಲ್ಲಿ ಸುರಿದಂತೆ ಸದ್ದು ಬಂತು. ಸದ್ದು ನಿಲ್ಲಲೇ ಇಲ್ಲ. ನೋಡಿದರೆ ಗುಡ್ಡ ಜರಿದು ಟ್ಯಾಂಕೂ ಇಲ್ಲ, ಪೈಪೂ ಇಲ್ಲ. ಹಳ್ಳದಲ್ಲಿ ಕೆಂಪು ಕೆಸರು ಹರಿಯುತ್ತಿತ್ತು. ಕೆಳಗೆ ರಸ್ತೆಯ ಮೇಲೂ ಧರೆ ಕುಸಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಮೇಲಿನ ಲೈನಿನ ಏಳು ಮನೆಯವರೂ ಕೂಡಲೇ ಕಾಫಿ ಗೋಡೌನಿಗೆ ಬರಬೇಕೆಂದು ಮ್ಯಾನೇಜರು ಹೇಳಿ ಕಳಿಸಿದರು. ಮಕ್ಕಳನ್ನು ಕರೆದುಕೊಂಡು ನಾನೂ ಅಲ್ಲಿಗೇ ಹೋದೆ.

ಜನ ಸಾಮಾನು ಹೊತ್ತು ಬಂದರು. ರೇಷನ್ ಕಾರ್ಡು, ಕಂಬಳಿ, ಮಿಕ್ಸಿ, ಒಬ್ಬ ಟಿವಿಯನ್ನೇ ತಲೆಯ ಮೇಲೆ ಇಟ್ಟುಕೊಂಡು ಬಂದ. ಲಕ್ಕಮ್ಮನೂ ತಿಮ್ಮಣ್ಣನೂ ಕ್ಯಾನು ಹೊತ್ತು ಬಂದರು. ಜಾರುವ ದಾರಿ, ಮುಖಕ್ಕೆ ಹೊಡೆಯುವ ಮಳೆ, ತಲೆಯಿಂದ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯ ಕೆಳಗೆ ಇಪ್ಪತ್ತು ಲೀಟರು ನೀರು. ಇಳಿಸಿ, ಮೂರನೆಯದಕ್ಕೆ ಮತ್ತೆ ಹೋದರು. ಗೋಡೌನಿನ ಬಾಗಿಲಲ್ಲಿ ನಿಂತವರೆಲ್ಲ ಅಂಥ ಹೊತ್ತಿನಲ್ಲೂ ನಕ್ಕರು. ನಾಗೇಶ ಮೇಸ್ತ್ರಿ, ಕೂಲಿಯವರ ಮೇಲ್ವಿಚಾರಣೆ ನೋಡುವವರು, "ತಿಮ್ಮಣ್ಣ, ಒಂದು ಕೊಡ ಮಳೇನೂ ಹಿಡ್ಕೊಂಡ್ ಬರ್ಬೇಕಿತ್ತು ಮಾರಾಯ" ಎಂದರು. ನಾನೂ ನಕ್ಕೆ. ತಿಮ್ಮಣ್ಣನಿಗೆ ನಾಚಿಕೆಯಾಗಿತ್ತು. ಲಕ್ಕಮ್ಮನಿಗೆ ಏನೂ ಆಗಿರಲಿಲ್ಲ. ಕ್ಯಾನುಗಳನ್ನು ಗೋಡೆಗೆ ಒತ್ತಿ ಇಟ್ಟು ಅದರ ಮುಂದೆ ಕೂತಳು.

ಇಪ್ಪತ್ತಾರು ಜನ. ಅದರಲ್ಲಿ ಸಣ್ಣ ಮಕ್ಕಳು ಆರು. ಮಧ್ಯಾಹ್ನವಾಗುವ ಹೊತ್ತಿಗೆ ಕುಡಿಯಲು ನೀರಿಲ್ಲ. ಮೇಸ್ತ್ರಿ ಪಕ್ಕದ ಶೆಡ್ಡಿನಿಂದ ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ಮು ಉರುಳಿಸಿ ತಂದು, ಒಂದು ಸಲ ತೊಳೆದು, ಸೂರಿನ ಕೆಳಗೆ ಇಡಿಸಿದರು. ಕಾಲು ಗಂಟೆಯಲ್ಲಿ ಮೂರೂ ತುಂಬಿದವು. ಒಳಗೆ ಕ್ಯಾನಿನ ಮುಂದೆ ಕೂತ ಲಕ್ಕಮ್ಮನಿಗೆ ಇದು ಕಾಣಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಆಕಾಶದ ನೀರಿಗಿಂತ ಚೊಕ್ಕ ಯಾವುದು ಎಂದು ಎಲ್ಲರೂ ಹೇಳಿದರು. ನಾನು ಜಗ್ಗು ಅದ್ದಿ, ಚಿಟಿಕೆ ಸಕ್ಕರೆ ಹಾಕಿ ಮಕ್ಕಳಿಗೆ ಕುಡಿಸಿದೆ. ಸುಮಿತ್ರಳ ಮಗು ಪ್ರೀತಿಗೆ ಎರಡು ವರ್ಷ. ಅದು ಬೇಡ ಎಂದು ಮುಖ ತಿರುಗಿಸಿತು. ಹಟ ಮಾಡುತ್ತದೆ ಎಂದು ಗಲ್ಲ ಹಿಡಿದು ಎರಡು ಲೋಟ ಕುಡಿಸಿದೆ. ಮಕ್ಕಳಿಗೆ ಕುಡಿಸುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷದ ಕೈ.

ಅರ್ಧ ಗಂಟೆಯೊಳಗೆ ನಾಲ್ಕು ಮಕ್ಕಳು ವಾಂತಿ ಮಾಡಿದವು. ಮೂರು ಒಂದೆರಡು ಸಲಕ್ಕೆ ನಿಂತವು. ಪ್ರೀತಿಗೆ ನಿಲ್ಲಲಿಲ್ಲ. ಕಕ್ಕಿದ್ದರಲ್ಲಿ ಹಸಿರು ನೀಲಿ ಬಣ್ಣ ಇತ್ತು. ಆಮೇಲೆ ಭೇದಿಯೂ ಹತ್ತಿತು. ಮಗು ಒದ್ದೆ ಬಟ್ಟೆಯ ಹಾಗೆ ತಾಯಿಯ ಹೆಗಲ ಮೇಲೆ ಬಿದ್ದುಕೊಂಡಿತು.

ಲಕ್ಕಮ್ಮ ಎದ್ದು ಬಂದು ಮೊದಲು ವಾಂತಿಯನ್ನು ನೋಡಿದಳು. ಹೊರಗೆ ಹೋಗಿ ಡ್ರಮ್ಮಿನ ಒಳಗೆ ಕೈ ಹಾಕಿ ಕೆರೆದು, ಉಗುರು ತಂದು ನನ್ನ ಮುಖದ ಮುಂದೆ ಹಿಡಿದಳು. ಉಗುರಿನಲ್ಲಿ ನೀಲಿ ಹಕ್ಕಳೆ.

"ಮೈಲುತುತ್ತ. ಹೋದ ತಿಂಗ್ಳು ಔಷಧಿ ಕಲಸಿದ್ದು ಇದ್ರಲ್ಲೇ. ಕಲಸಿದ್ದು ನಾನೇ" ಎಂದಳು.

ಮಳೆಗೆ ಮೊದಲು ಕಾಫಿ ಗಿಡಕ್ಕೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿದ ಔಷಧಿ ಅದು. ಗಿಡಕ್ಕೆ ಮದ್ದು, ಹೊಟ್ಟೆಗೆ ವಿಷ. ಡ್ರಮ್ಮೂ ನೀಲಿ, ಹಕ್ಕಳೆಯೂ ನೀಲಿ, ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನು ಸೂರಿನ ಶೀಟಿನ ಮೇಲೆ ಪಾಚಿ, ಹಕ್ಕಿ ಹಿಕ್ಕೆ, ಮಂಗಗಳ ಗಲೀಜು. ಒಂಬತ್ತು ದಿನದ ಮಳೆಗೆ ಅದೆಲ್ಲ ತೊಳೆದು ಹೋಗಿದೆ ಎಂದು ನಾವು ಅಂದುಕೊಂಡಿದ್ದೆವು.

ಲಕ್ಕಮ್ಮ ಮೂರು ಡ್ರಮ್ಮನ್ನೂ ಹೆಗಲು ಕೊಟ್ಟು ಕೆಡವಿದಳು. ಮೇಸ್ತ್ರಿ ಬೈಯಲು ಬಾಯಿ ತೆರೆದವರು ಮಗುವನ್ನು ನೋಡಿ, ಖಾಲಿ ಡ್ರಮ್ಮುಗಳನ್ನು ತಾವೇ ಶೆಡ್ಡಿನ ಕಡೆ ಉರುಳಿಸಿಕೊಂಡು ಹೋದರು.

ನನ್ನ ಚೀಲದಲ್ಲಿ ಆರು ಓಆರ್‌ಎಸ್ ಪೊಟ್ಟಣ ಇದ್ದವು. ಭೇದಿಯಾದಾಗ ಮೈಯ ನೀರು ಬತ್ತದಂತೆ ಕುಡಿಸುವ ಉಪ್ಪು ಸಕ್ಕರೆಯ ಪುಡಿ ಅದು, ನರ್ಸಮ್ಮ ಕೊಟ್ಟಿದ್ದು. ಒಂದು ಪೊಟ್ಟಣಕ್ಕೆ ಒಂದು ಲೀಟರು ಕಾಯಿಸಿ ಆರಿಸಿದ ನೀರು ಬೇಕು. ಪುಡಿ ನನ್ನ ಹತ್ತಿರ ಇತ್ತು, ನೀರು ಅವಳ ಹತ್ತಿರ ಇತ್ತು. ನಾನು ಕೇಳಲಿಲ್ಲ, ಕೇಳಲು ಮುಖ ಇರಲಿಲ್ಲ. ಅವಳೇ ಸೌಟಿನಿಂದ ಅಳೆದು ಸುರಿದಳು.

ಚಮಚದಲ್ಲಿ ಕೊಟ್ಟೆವು. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚಮಚ. ಸುಮಿತ್ರ ಮಗುವಿನ ಬಟ್ಟೆ ಬದಲಿಸುವಾಗ ನಾನು, ನನಗೆ ಸಾಕಾದಾಗ ಲಕ್ಕಮ್ಮ.

ಅಷ್ಟರಲ್ಲಿ ಉಳಿದವರಿಗೂ ಬಾಯಾರಿಕೆ. ಎಲ್ಲರ ಕಣ್ಣೂ ಕ್ಯಾನಿನ ಮೇಲೆ. ದೊಡ್ಡವರಿಗೆ ಹೊತ್ತಿಗೊಂದು ಲೋಟ, ಮಕ್ಕಳಿಗೆ ಕೇಳಿದಾಗ, ಪ್ರೀತಿಗೆ ಲೆಕ್ಕ ಇಲ್ಲ ಎಂದು ಲಕ್ಕಮ್ಮ ಹೇಳಿದಳು. ಮೇಸ್ತ್ರಿ, ಒಂದು ಪಾತ್ರೆ ಕಾಫಿ ಮಾಡಿದರೆ ಎಲ್ಲರಿಗೂ ಜೀವ ಬರುತ್ತಿತ್ತು ಎಂದು ಗಾಳಿಗೆ ಹೇಳಿದಂತೆ ಹೇಳಿದರು. ತಿಮ್ಮಣ್ಣನೂ ಹೌದು ಎಂದು ತಲೆಯಾಡಿಸಿದ.

ಲಕ್ಕಮ್ಮ ಗಂಡನ ಕಡೆಗೇ ತಿರುಗಿದಳು. "ನಿಂಗೆ ಕಾಫಿ ಬೇಕಾ? ಆ ಮಗೀನ ಅವ್ವನ್ನ ಕೇಳು. ಅವಳು ಹೂಂ ಅಂದ್ರೆ ಕಾಸ್ಕೊಡ್ತೀನಿ."

ತಿಮ್ಮಣ್ಣ ಎದ್ದು ಬಾಗಿಲ ಕಡೆ ಹೋದ. ಮೇಸ್ತ್ರಿ ತಮ್ಮ ಪಾಲಿನ ಲೋಟವನ್ನೂ ಆ ಹೊತ್ತಿಗೆ ಬೇಡ ಎಂದರು. ನಾನು ಅನೇಕ ಮ್ಯಾನೇಜರುಗಳನ್ನು ನೋಡಿದ್ದೇನೆ, ಇಪ್ಪತ್ತಾರು ಜನರನ್ನು ಹಾಗೆ ಕೂರಿಸಿದವರನ್ನು ನೋಡಿಲ್ಲ.

ಅರವತ್ತು ಲೀಟರು ಎಷ್ಟು ದಿನ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆಳಕಿರುವಾಗಲೇ ಗಂಡಸರನ್ನು ಎಬ್ಬಿಸಿ ಅಂಗಳದ ಮಧ್ಯೆ, ಸೂರಿನಿಂದಲೂ ಮರದಿಂದಲೂ ದೂರ, ನಾಲ್ಕು ಗಳ ನೆಡಿಸಿ ತನ್ನ ಒಗೆದ ಸೀರೆಯನ್ನು ಕಟ್ಟಿಸಿದಳು. ನಡುವೆ ತೊಳೆದ ಒಂದು ಕಲ್ಲು ಇಟ್ಟಳು, ನೀರು ಅಲ್ಲಿಗೇ ಇಳಿಯಲಿ ಎಂದು. ಕೆಳಗೆ ಅಡಿಗೆಯ ಪಾತ್ರೆ. ಮೊದಲ ಎರಡು ಪಾತ್ರೆ ನೀರನ್ನು ಚೆಲ್ಲಿಸಿದಳು. ಮೂರನೆಯದನ್ನು ಕುದಿಸಬೇಕು ಎಂದಳು. ಕುದಿಸಲು ಸೌದೆ ಎಲ್ಲಿದೆ, ಕೈಗೆ ಸಿಕ್ಕಿದ್ದೆಲ್ಲ ನೆನೆದಿತ್ತು. ಮಕ್ಕಳ ಮನೆಯ ಡ್ರಮ್ಮಿನಲ್ಲಿ ಇದೆ ಎಂದೆ. ಅವಳು ನನ್ನನ್ನು ನೋಡಿದಳು. ನೀರಿನ ಡ್ರಮ್ಮಿನಲ್ಲಿ ಸೌದೆಯಾ ಎಂದು ಕೇಳಬಹುದಿತ್ತು, ಕೇಳಲಿಲ್ಲ. "ತರ್ಸಿ" ಎಂದಳು, ಅಷ್ಟೇ.

ಬೆಳಗಾಗುವ ಹೊತ್ತಿಗೆ ಪ್ರೀತಿಯ ವಾಂತಿ ನಿಂತಿತ್ತು. ಆದರೆ ಕಣ್ಣು ಗುಳಿ ಬಿದ್ದಿತ್ತು, ಉಚ್ಚೆ ಹೊಯ್ದಿರಲಿಲ್ಲ. ಆಸ್ಪತ್ರೆಗೆ ಸೇರಿಸಲೇಬೇಕಿತ್ತು. ಹತ್ತು ಗಂಟೆಗೆ ಕೆಳಗಿನ ಎಸ್ಟೇಟಿನ ಹುಡುಗರು ಕುಸಿದ ಧರೆಯ ಮೇಲೆ ಹಗ್ಗ ಕಟ್ಟಿ ಕಾಲುದಾರಿ ಮಾಡಿದರು. ಆಚೆ ಜೀಪು ನಿಂತಿದೆ ಎಂದರು. ಮಗುವನ್ನು ಕಂಬಳಿಯಲ್ಲಿ ಸುತ್ತಿ ತಿಮ್ಮಣ್ಣ ಬೆನ್ನಿಗೆ ಕಟ್ಟಿಕೊಂಡ. ಸುಮಿತ್ರಳೂ ಹೊರಟಳು. ಆಗ ಲಕ್ಕಮ್ಮ ಅವಳನ್ನು ತಡೆದು, ಮಗು ಏನು ಕುಡಿದಿದೆ, ಎಷ್ಟು ಕುಡಿದಿದೆ ಎಂದು ಡಾಕ್ಟರಿಗೆ ಸರಿಯಾಗಿ ಹೇಳಬೇಕು ಎಂದಳು.

ಸುಮಿತ್ರಳಿಗೆ ಗೊತ್ತಿರಲಿಲ್ಲ. ಎಲ್ಲರಂತೆ ಒಂದು ಗುಟುಕು ಕುಡಿದಿರಬೇಕು ಎಂದುಕೊಂಡಿದ್ದಳು. ಲಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸಿಟ್ಟಾದರೂ ಬರುತ್ತಿತ್ತು.

"ಎರಡು ಲೋಟ. ಬೇಡ ಅಂತ ಮುಖ ತಿರುಗ್ಸ್ತು. ನಾನೇ ಗಲ್ಲ ಹಿಡಿದು ಕುಡಿಸಿದ್ದು" ಎಂದೆ.

ಸುಮಿತ್ರ ನನ್ನನ್ನು ಒಂದು ಗಳಿಗೆ ನೋಡಿದಳು. "ಎರಡು ಲೋಟ" ಎಂದು ಬಾಯಿಪಾಠ ಮಾಡುವವಳ ಹಾಗೆ ಹೇಳಿಕೊಂಡು ಹಗ್ಗದ ಕಡೆ ನಡೆದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳಿಗೆ ಹೊತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ತಿಮ್ಮಣ್ಣ ವಾಪಸು ಬಂದ. ಗ್ಲೂಕೋಸ್ ಹಾಕಿದ್ದಾರೆ, ಮಗು ಉಚ್ಚೆ ಹೊಯ್ದಿದೆ, ಭಯ ಇಲ್ಲ ಎಂದ. ಬಿಡದೆ ಚಮಚದಲ್ಲಿ ಕುಡಿಸಿಕೊಂಡು ಬಂದದ್ದಕ್ಕೆ ಉಳಿಯಿತು, ಆ ನೀರು ಎಲ್ಲಿತ್ತು ಎಂದು ಡಾಕ್ಟರು ಕೇಳಿದರಂತೆ. ಹೆಂಡತಿ ತುಂಬಿಟ್ಟಿದ್ದು ಎಂದನಂತೆ. ಅದನ್ನು ಹೇಳುವಾಗ ಅವನ ಎದೆ ಒಂದು ಗೇಣು ಮುಂದೆ ಬಂದಿತ್ತು. ಲಕ್ಕಮ್ಮ ಕೇಳಿಸಿಕೊಂಡು, ಕಾಫಿಗೆ ನೀರಿಟ್ಟಳು. ಇಪ್ಪತ್ತಾರು ಜನರಿಗಲ್ಲ, ಅವನೊಬ್ಬನಿಗೆ. ನಮಗೂ ಕೊಡು ಎಂದು ಯಾರೂ ಕೇಳಲಿಲ್ಲ.

ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನಗೆ ಗೊತ್ತು ಎಂದು ಇಪ್ಪತ್ತೆರಡು ವರ್ಷ ತಿಳಿದುಕೊಂಡಿದ್ದೆ. ನನಗೆ ಗೊತ್ತಿದ್ದದ್ದು ನಲ್ಲಿ ಸುರಿಯುತ್ತಿರುವಾಗ ಮಕ್ಕಳನ್ನು ನೋಡಿಕೊಳ್ಳುವುದು. ಆ ಎರಡು ದಿನ ಕಲಿಸಿದ್ದು ಇಷ್ಟು: ಮಗು ಮುಖ ತಿರುಗಿಸಿದರೆ ಮೊದಲು ಲೋಟವನ್ನು ನೋಡಬೇಕು. ಮತ್ತೆ, ನೀರು ಕಣ್ಣಿಗೆ ಕಾಣುವುದು ಬೇರೆ, ಕುಡಿಯಲು ಇರುವುದು ಬೇರೆ. ಇದನ್ನು ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು, ಹೆಬ್ಬೆಟ್ಟು ಒತ್ತುವವಳು ತಿಳಿದುಕೊಂಡಿದ್ದಳು. ನಾನು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಲಕ್ಕಮ್ಮನ ಹತ್ತಿರ ಹೋದೆ. ಅವಳು ಖಾಲಿಯಾದ ಕ್ಯಾನು ಉಜ್ಜುತ್ತಿದ್ದಳು. ನೀರು ಹೇಗೆ ತುಂಬಿಡುವುದು, ಮೊದಲಿನಿಂದ ಹೇಳಿಕೊಡು ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ಮೊದ್ಲು ಕೈ ತೊಳ್ಕೊಂಡ್ ಬನ್ನಿ ಆಯಮ್ಮ" ಎಂದಳು.

ಹೋಗಿ ತೊಳೆದುಕೊಂಡು ಬಂದೆ.